ಗಂಟು ಕಂಡ ದಿನದಿಂದ ಚಿಕಿತ್ಸೆಯ ದಿನದವರೆಗೆ

ಸ್ತನದ ಕ್ಯಾನ್ಸರ್ ಪತ್ತೆಯಾದ ನೂರು ಮಂದಿ ಸ್ತ್ರೀಯರಲ್ಲಿ, ಇತರ ಮರಣಕಾರಣಗಳನ್ನು ಕಳೆದು ಲೆಕ್ಕ ಹಾಕಿದರೆ, ಐದು ವರ್ಷಗಳ ತರುವಾಯ ಉಳಿದಿರುವವರು ಅಮೆರಿಕದಲ್ಲಿ 90, ಆಸ್ಟ್ರೇಲಿಯದಲ್ಲಿ ಹೆಚ್ಚುಕಡಿಮೆ ಅಷ್ಟೇ, ನಮ್ಮ ಭಾರತದಲ್ಲಿ 66. ಎಪ್ಪತ್ತಕ್ಕೂ ಮಿಕ್ಕಿದ ದೇಶಗಳ ರೋಗನೋಂದಣಿಗಳನ್ನು ಕಲೆಹಾಕಿ, 2010ರಿಂದ 2014ರವರೆಗೆ ರೋಗ ಪತ್ತೆಯಾದವರ ಗತಿಯನ್ನು ಅನುಸರಿಸಿ, 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯು ಪ್ರಕಟಿಸಿದ ಈ ಅಂಕೆಗಳನ್ನು ಓದಿದೊಡನೆಯೇ, ‘ನಮ್ಮ ಹೆಂಗಸರು ತಡಮಾಡಿ ಬರುತ್ತಾರೆ’ ಎಂಬ ಸಿದ್ಧೋತ್ತರವೊಂದು ವೇದಿಕೆಗಳಿಂದ ಕೇಳಿಬರುತ್ತದೆ. ಉತ್ತರ ಸುಳ್ಳಲ್ಲ, ಆದರೆ ಅರ್ಧದಷ್ಟೇ ನಿಜವಾದ ಆ ಮಾತು ತಪ್ಪನ್ನೆಲ್ಲ ರೋಗಿಯ ಸೆರಗಿಗೇ ಕಟ್ಟಿಬಿಡುತ್ತದೆ.

ನಿಜವಾದ ಭಾಗವನ್ನು ಮೊದಲು ನೋಡೋಣ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯ ಮೊದಲ ದಶಕದ ದಾಖಲೆಗಳನ್ನು ಶೋಧಿಸಿ 1995ರಲ್ಲಿ ಹೊರಬಂದ ಪ್ರಬಂಧವು, ಐದು ವರ್ಷ ಉಳಿದವರು ಅರ್ಧಕ್ಕಿಂತ ಕಡಮೆಯೆಂದೂ, ಉಳಿವನ್ನು ನಿರ್ಧರಿಸುವಲ್ಲಿ ರೋಗಿಯು ಬಂದಾಗ ಇದ್ದ ಹಂತಕ್ಕೆ ಸಮನಾದುದು ಬೇರೊಂದಿಲ್ಲವೆಂದೂ ಹೇಳಿತ್ತು. ಇತ್ತೀಚೆಗೆ, 2012ರಿಂದ 2015ರ ಅವಧಿಯ ರೋಗಿಗಳ ವಿಷಯವಾಗಿ ರಾಷ್ಟ್ರೀಯ ನೋಂದಣಿ ಕಾರ್ಯಕ್ರಮವು ದೇಶದ 11 ಕೇಂದ್ರಗಳಿಂದ ಕೂಡಿಸಿದ ಲೆಕ್ಕದಲ್ಲಿ, ರೋಗವು ಸ್ತನದಲ್ಲಿಯೇ ನಿಂತಿದ್ದವರಲ್ಲಿ ನೂರಕ್ಕೆ 81, ಕಂಕುಳಿನ ಗ್ರಂಥಿಗಳವರೆಗೆ ಸರಿದಿದ್ದವರಲ್ಲಿ ಸುಮಾರು 65, ಎಲುಬಿಗೋ ಶ್ವಾಸಕೋಶಕ್ಕೋ ಹಬ್ಬಿದ್ದವರಲ್ಲಿ ಕೇವಲ 18 ಮಂದಿ ಐದು ವರ್ಷಗಳನ್ನು ದಾಟಿದ್ದರು. ಮೊದಲ ಹಂತದ ಗಂಟೆಂದರೆ ಎರಡು ಸೆಂಟಿಮೀಟರಿನೊಳಗಿನದು, ನಮ್ಮ ಅಂಗಳದಲ್ಲಿ ಸುಲಿದು ಹಾಕಿದ ಅಡಕೆಗಿಂತ ದೊಡ್ಡದಲ್ಲ.

ಆದರೆ ರೋಗವು ಸ್ತನದಲ್ಲಿಯೇ ನಿಂತಿರುವಾಗ ಪತ್ತೆಯಾದವರ ಉಳಿವು ಅಮೆರಿಕದಲ್ಲಿ ನೂರಕ್ಕೆ 99ರಷ್ಟಿದೆ. ಅಲ್ಲಿನ ಗಂಟುಗಳಲ್ಲಿ ಎಷ್ಟೋ ಕೈಗೆ ಸಿಕ್ಕುವ ಮೊದಲೇ ಮ್ಯಾಮೊಗ್ರಾಮಿನಲ್ಲಿ ಕಂಡವೆಂಬುದನ್ನು ಒಪ್ಪಿಕೊಂಡರೂ, ಬೇಗನೆ ಬಂದವಳಿಗೂ ನಾವು ಪೂರ್ಣ ಚಿಕಿತ್ಸೆಯನ್ನು ಒದಗಿಸಲಾರದೆ ಹೋಗಿದ್ದೇವೆಂಬ ಸಂಶಯ ಉಳಿದೇ ಉಳಿಯುತ್ತದೆ. ಹಂತವೊಂದೇ ಸರ್ವಸ್ವವಲ್ಲವೆಂಬುದಕ್ಕೆ ಸಿರಿವಂತ ದೇಶಗಳೂ ಸಾಕ್ಷಿ. 2000ದಿಂದ 2007ರವರೆಗಿನ ರೋಗಿಗಳನ್ನು ಆರು ದೇಶಗಳಲ್ಲಿ ಹೋಲಿಸಿ ನೋಡಿದಾಗ ಡೆನ್ಮಾರ್ಕ್, ಬ್ರಿಟನ್ ಎರಡೂ ಹಿಂದುಳಿದುವು. ಕಾರಣ ಮಾತ್ರ ಬೇರೆಬೇರೆ. ಡೆನ್ಮಾರ್ಕಿನಲ್ಲಿ ಮೊದಲ ಹಂತದಲ್ಲಿ ಪತ್ತೆಯಾದವರು ನೂರಕ್ಕೆ 30, ಉಳಿದೆಡೆಗಳಲ್ಲಿ 42ರಿಂದ 45. ಬ್ರಿಟನ್ನಿನಲ್ಲಿ ಪತ್ತೆಯು ತಕ್ಕ ಕಾಲಕ್ಕೇ ಆಗುತ್ತಿದ್ದರೂ, ಮುಂದುವರಿದ ಹಂತದವರು ಸ್ವೀಡನ್ನಿನ ಅದೇ ಹಂತದವರಿಗಿಂತ ಬೇಗ ತೀರಿಕೊಳ್ಳುತ್ತಿದ್ದರು. ಡೆನ್ಮಾರ್ಕಿನವರು ರೋಗಿಗಳಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ಸಂಶಯ ಹುಟ್ಟಿದಂದಿನಿಂದ ಚಿಕಿತ್ಸೆ ತೊಡಗುವವರೆಗಿನ ಒಂದೊಂದು ಮೆಟ್ಟಿಲಿಗೂ ಆಸ್ಪತ್ರೆಗಳು ಪಾಲಿಸಬೇಕಾದ ದಿನಗಳ ಗಡುವನ್ನು ಗೊತ್ತುಪಡಿಸಿದರು.

ಪುತ್ತೂರಿನ ಬಳಿಯ ನಮ್ಮ ನರಿಮೊಗರಿನಂಥ ಊರಿನಲ್ಲಿ ಆ ದಿನಗಳು ಕಳೆಯುವ ಬಗೆಯನ್ನು ನೋಡಬೇಕು. ಮಂಗಳೂರು–ಸುಬ್ರಹ್ಮಣ್ಯ ಹಳಿಯ ಮೇಲೆ ನಮಗೊಂದು ರೈಲು ನಿಲ್ದಾಣವಿದೆ. ಪುತ್ತೂರಿನ ತಾಲೂಕು ಆಸ್ಪತ್ರೆ ಸಮೀಪದಲ್ಲಿದೆ. ವೈದ್ಯಕೀಯ ಕಾಲೇಜುಗಳು ಇಷ್ಟೊಂದು ಒತ್ತಾಗಿರುವ ಜಿಲ್ಲೆ ದೇಶದಲ್ಲಿಯೇ ಅಪರೂಪ. ಆದರೂ ಬೀಡಿ ಕಟ್ಟುವ ಹೆಂಗಸೊಬ್ಬಳನ್ನು ಮನೆಗೆ ಬಂದ ಆಶಾ ಕಾರ್ಯಕರ್ತೆ ‘ಎದೆಯಲ್ಲಿ ಗಂಟು ಏನಾದರೂ ಉಂಟಾ ಅಕ್ಕ?’ ಎಂದು ಕೇಳಿದರೆ ಬರುವ ಉತ್ತರ, ‘ಉಂಟು, ಬೇನೆ ಇಲ್ಲ ಮಾರಾಯ್ತಿ.’ ಬೇನೆಯಿಲ್ಲದಿರುವುದೇ ಈ ರೋಗದ ಆರಂಭದ ಲಕ್ಷಣವೆಂದು ಅವಳಿಗೆ ಹೇಳಿದವರಿಲ್ಲ. ಕತ್ತಿ ತಾಗಿದರೆ ಹರಡುತ್ತದೆಂದು ಹೇಳಿದವರು ಮಾತ್ರ ನೆರೆಕರೆಯಲ್ಲಿ ಬೇಕಾದಷ್ಟಿದ್ದಾರೆ. ಆ ಭಯವನ್ನು ಗೆದ್ದು ಹೊರಟಳೆನ್ನಿ. ಪುತ್ತೂರಿನಲ್ಲಿ ಒಂದು ದಿನ ಸ್ಕ್ಯಾನಿಂಗ್, ಇನ್ನೊಂದು ದಿನ ಅದರ ವರದಿ, ಮಂಗಳೂರಿನಲ್ಲಿ ಬಯಾಪ್ಸಿಗೊಂದು ಪ್ರಯಾಣ, ವರದಿಗೆ ಮತ್ತೊಂದು, ಆಯುಷ್ಮಾನ್ ಕಾರ್ಡಿನ ಮಂಜೂರಾತಿಗೆ ಮಗದೊಂದು. ಪ್ರತಿ ಸಲವೂ ಅವಳದೊಂದು ದಿನದ ಬೀಡಿ, ಜೊತೆಗೆ ಹೋದವನದೊಂದು ದಿನದ ಕೂಲಿ. ನಡುವೆ ಅಡಕೆ ಕೊಯ್ಲು ಬರುತ್ತದೆ, ಮನೆಯಲ್ಲೊಂದು ಮದುವೆ ಬರುತ್ತದೆ, ಮಳೆಗಾಲವಂತೂ ಬಂದೇ ಬರುತ್ತದೆ. ಕೊನೆಗೆ ವೈದ್ಯರು ಮೂರನೆಯ ಹಂತವೆಂದು ಬರೆಯುವಾಗ, ಮನೆಯಲ್ಲಿ ಕಳೆದ ದಿನಗಳನ್ನೂ ದಾರಿಯಲ್ಲಿ ಕಳೆದ ದಿನಗಳನ್ನೂ ಬೇರ್ಪಡಿಸಿ ಬರೆಯುವ ಕಾಲಂ ಯಾವ ಫಾರಂನಲ್ಲಿಯೂ ಇರುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಅಕ್ಟೋಬರ್ ಬಂದೊಡನೆ ಗುಲಾಬಿ ಪಟ್ಟಿ ಧರಿಸಿ, ದೀಪ ಬೆಳಗಿ, ಮಧ್ಯಾಹ್ನದೊಳಗೆ ಸಮಾಪ್ತವಾಗುವ ಶಿಬಿರಗಳಲ್ಲಿ ನನಗೆ ಹೆಚ್ಚಿನ ವಿಶ್ವಾಸವಿಲ್ಲ. ಊರೂರಿಗೆ ಮ್ಯಾಮೊಗ್ರಾಮ್ ಯಂತ್ರ ಬೇಕೆಂಬ ವಾದವೂ ಒಪ್ಪತಕ್ಕದ್ದಲ್ಲ; ನಮ್ಮಲ್ಲಿ ಈ ರೋಗವು ಪಾಶ್ಚಾತ್ಯರಿಗಿಂತ ಸುಮಾರು ಒಂದು ದಶಕ ಮುಂಚಿತವಾಗಿ ಬರುತ್ತದೆ, ಕಿರಿಯರ ಸಾಂದ್ರವಾದ ಸ್ತನದಲ್ಲಿ ಆ ಚಿತ್ರವು ಅಷ್ಟು ಸ್ಪಷ್ಟವಾಗದು. ಯಾವ ಪರೀಕ್ಷೆಯ ಫಲವನ್ನಾದರೂ ಉಳಿವಿನ ಅಂಕೆಯೊಂದರಿಂದಲೇ ಅಳೆಯುವಂತಿಲ್ಲ; ಬೇಗ ಪತ್ತೆಯಾದರೆ ಎಣಿಕೆಯೂ ಬೇಗ ಆರಂಭವಾಗುವುದರಿಂದ, ಸಾವಿನ ದಿನ ಬದಲಾಗದೆಯೇ ಐದು ವರ್ಷದ ಉಳಿವು ಏರಿದಂತೆ ತೋರಬಹುದು. ಆದಕಾರಣ ನಂಬಬೇಕಾದುದು ಸಾವುಗಳ ಲೆಕ್ಕವನ್ನೇ. ಆ ಲೆಕ್ಕವನ್ನು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ಮಾಡಿದ್ದಾರೆ. 1998ರಿಂದ ಒಂದೂವರೆ ಲಕ್ಷ ಸ್ತ್ರೀಯರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರ ಬರಿಗೈಯಿಂದ ಎರಡು ವರ್ಷಗಳಿಗೊಮ್ಮೆ ಪರೀಕ್ಷಿಸಿ, 20 ವರ್ಷಗಳ ಫಲವನ್ನು 2021ರಲ್ಲಿ ಪ್ರಕಟಿಸಿದರು: ರೋಗವು ಮುಂಚಿನ ಹಂತದಲ್ಲಿ ಸಿಕ್ಕಿತು, 50 ದಾಟಿದವರಲ್ಲಿ ಸಾವು ನೂರಕ್ಕೆ 30ರ ಸಮೀಪ ತಗ್ಗಿತು. ಕಿರಿಯರಲ್ಲಿ ಅಂಥ ಇಳಿಕೆ ಕಾಣಲಿಲ್ಲವೆಂಬುದನ್ನೂ ಮರೆಮಾಚಬೇಕಾಗಿಲ್ಲ.

ಮೂವತ್ತು ದಾಟಿದ ಸ್ತ್ರೀಯರಿಗೆಲ್ಲ ಇಂಥ ಪರೀಕ್ಷೆ ಆಗಬೇಕೆಂಬ ನಿಯಮ ಸರಕಾರದ ಕಡತದಲ್ಲಿ ಆಗಲೇ ಇದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಸ್ತನಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಒಬ್ಬರೂ ಆಗಲಿಲ್ಲ. ಉಪಕೇಂದ್ರದ ದಾದಿಗೆ ತಕ್ಕ ತರಬೇತಿ ಸಿಗಲಿ. ಬಯಾಪ್ಸಿಯ ಸೂಜಿಯನ್ನು ವಾರಕ್ಕೊಂದು ದಿನ ಪುತ್ತೂರಿನಲ್ಲಿಯೇ ಹಾಕಿ, ರೋಗಿಗೆ ಬದಲಾಗಿ ಮಾದರಿಯ ಶೀಶೆಯನ್ನು ಮಂಗಳೂರಿಗೆ ಕಳುಹಿಸುವ ಏರ್ಪಾಡಾಗಲಿ. ವೈದ್ಯರ ಮುಂದೆ ಬಂದ 60 ದಿನಗಳೊಳಗೆ ರೋಗನಿರ್ಣಯವಾಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಗಂಟಿದೆಯೆಂದು ಹೇಳಿದ ದಿನ, ವರದಿ ಕೈಸೇರಿದ ದಿನ, ಚಿಕಿತ್ಸೆ ತೊಡಗಿದ ದಿನ ಎಂಬ ಮೂರು ಕಾಲಂಗಳನ್ನು ಆಶಾ ಪುಸ್ತಕಕ್ಕೆ ಸೇರಿಸಿ, ಅವುಗಳ ನಡುವಿನ ಅಂತರದ ಒಟ್ಟು ಲೆಕ್ಕವನ್ನು, ಯಾರ ಹೆಸರನ್ನೂ ಎತ್ತದೆ, ತಾಲೂಕು ಆರೋಗ್ಯಾಧಿಕಾರಿಗಳು ವರ್ಷಕ್ಕೊಮ್ಮೆ ಪತ್ರಿಕೆಗಳಿಗೆ ಕೊಡುವುದಕ್ಕೆ ಹೊಸ ಅನುದಾನವೇನೂ ಬೇಕಾಗಿಲ್ಲ.