ಕಲೆ ಹೋಯಿತು, ಕಾಗದವೂ ಹೋಯಿತು

ಹಳೆಯ ಪುಸ್ತಕ ಕೈಗೆ ಸಿಕ್ಕವರು ಮೊದಲು ಕೇಳುವುದು ಒಂದೇ: ಈ ಕಂದು ಕಲೆ ಹೋಗುತ್ತದೆಯೇ? ಹೋಗಬಹುದು. ಅದರ ಜೊತೆಗೆ ಇನ್ನೇನು ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ಬ್ಲೀಚ್ ಮಾಡುವ ಉಪಾಯ ಹೊಸದಲ್ಲ. ಸ್ವೀಡನ್ನಿನ ಶೀಲೆ ಕ್ಲೋರಿನ್ ಅನಿಲವನ್ನು ಪಡೆದದ್ದು 1774ರಲ್ಲಿ. 1787ರ ಹೊತ್ತಿಗೇ ಫ್ರಾನ್ಸಿನ ರಸಾಯನ ವಿಜ್ಞಾನಿ ಶಾಪ್ತಾಲ್, ಅದರಿಂದ ಹಳೆಯ ಪುಸ್ತಕಗಳನ್ನೂ ಮುದ್ರಿತ ಚಿತ್ರಗಳನ್ನೂ ಬೆಳ್ಳಗಾಗಿಸಬಹುದೆಂದು ಬರೆದ. ಮುದ್ರಣದ ಮಸಿ ಎಣ್ಣೆಯಲ್ಲಿ ಅರೆದ ಕಾಡಿಗೆ. ಕ್ಲೋರಿನ್ ಅದರ ಗೊಡವೆಗೆ ಹೋಗದು. ಹೀಗಾಗಿ ಅಕ್ಷರ ಉಳಿದು ಕೊಳೆ ಮಾಯವಾಗುತ್ತಿತ್ತು, ಸಂಗ್ರಾಹಕರು ಹಿಗ್ಗುತ್ತಿದ್ದರು. ಅಂಚಿನಲ್ಲಿ ಹಿಂದಿನ ಓದುಗ ಕಬ್ಬಿಣದ ಶಾಯಿಯಲ್ಲಿ ಗೀಚಿದ್ದ ಟಿಪ್ಪಣಿಯೂ ಅದೇ ಬ್ಲೀಚಿನಲ್ಲಿ ಅಳಿಸಿಹೋಗುತ್ತಿತ್ತು. ಇಂದಿನ ವಿದ್ವಾಂಸರಿಗೆ ಅಚ್ಚಿನ ಪಠ್ಯಕ್ಕಿಂತ ಆ ಟಿಪ್ಪಣಿಯೇ ಹೆಚ್ಚು ಬೆಲೆಯದಾಗಿರುವ ಸಂದರ್ಭಗಳುಂಟು.

ಕಾಗದ ಎಂದರೆ ಸೆಲ್ಯುಲೋಸ್ ಎಂಬ ಉದ್ದುದ್ದ ಸರಪಳಿಗಳ ನಾರು. ಬ್ಲೀಚು ಬಣ್ಣವನ್ನು ಮುರಿಯುವಾಗ ಈ ಸರಪಳಿಗಳನ್ನೂ ತುಂಡರಿಸುತ್ತದೆ. ಪೂರ್ತಿ ತೊಳೆದುಹೋಗದ ಕ್ಲೋರಿನ್ ಶೇಷ ಕ್ರಮೇಣ ಆಮ್ಲವಾಗಿ, ಪುಟ ಮತ್ತೆ ಹಳದಿಗೆ ತಿರುಗುತ್ತದೆ. ಈ ಸಲ ಮುಟ್ಟಿದರೆ ಮುರಿಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸೌಮ್ಯವೆಂದು ನಂಬಿದವರಿಗೂ ಒಂದು ಮಾತು: ಕಾಗದದಲ್ಲಿ ಕಬ್ಬಿಣದ ಕಣವಿದ್ದರೆ ಅದರ ಸುತ್ತ ಪೆರಾಕ್ಸೈಡು ಉಗ್ರವಾಗಿ ವರ್ತಿಸಿ, ಚುಕ್ಕೆ ಇದ್ದಲ್ಲಿ ತೂತು ಬೀಳಬಹುದು.

ಹಾಗಾದರೆ ಬರೀ ನೀರು? ಮಳೆಗಾಲದಲ್ಲಿ ಹಂಚು ಸೋರಿ ಪುಸ್ತಕ ನೆನೆದಾಗ ಮೂಡುವ ಕಂದು ಗೆರೆಯನ್ನೇ ನೋಡಿ. ನೀರು ನಾರಿನೊಳಗೆ ಹರಿಯುತ್ತ ಕೊಳೆಯನ್ನೂ ಕಾಗದ ಹಳತಾದಾಗ ಹುಟ್ಟಿದ ಆಮ್ಲಗಳನ್ನೂ ಕರಗಿಸಿಕೊಂಡು ಹೋಗುತ್ತದೆ. ಒದ್ದೆ ಮುಗಿದು ಒಣ ಭಾಗ ಶುರುವಾಗುವಲ್ಲಿ ತಾನು ಆವಿಯಾಗಿ, ಹೊತ್ತು ತಂದದ್ದನ್ನು ಅಲ್ಲೇ ಬಿಡುತ್ತದೆ. ಒದ್ದೆ ಬಟ್ಟೆಯಿಂದ ಆ ಗೆರೆಯನ್ನು ಒರೆಸಿದರೆ ಇದೇ ಕಥೆಯ ಪುನರಾವರ್ತನೆ, ಪಕ್ಕದಲ್ಲೊಂದು ಹೊಸ ಗೆರೆ. ಆದ್ದರಿಂದ ಸಂರಕ್ಷಕರು ತೊಳೆಯುವುದಿದ್ದರೆ ಹೊಲಿಗೆ ಬಿಚ್ಚಿ, ಪ್ರತಿ ಶಾಯಿಯ ಮೇಲೂ ಒಂದು ಹನಿಯಿಟ್ಟು ಪರೀಕ್ಷಿಸಿ, ಇಡೀ ಹಾಳೆಯನ್ನು ಮುಳುಗಿಸುತ್ತಾರೆ. ಆಮ್ಲವನ್ನು ತಣಿಸಲು ಆ ನೀರಿಗೆ ತುಸು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣ ಬೆರೆಸುವುದುಂಟು.

ಅದೇ ಕ್ಷಾರಜಲ ಅರಿಸಿನದ ಕಲೆಗೆ ತಾಗಿದರೆ ಫಜೀತಿ. ಮಹಾನವಮಿಯ ಸರಸ್ವತಿ ಪೂಜೆಗೆ ಇಟ್ಟ ಪುಸ್ತಕಗಳಲ್ಲಿ ಈ ಕಲೆ ಎಷ್ಟು ಸಾಮಾನ್ಯ! ಸೋಪಿನ ನೀರಿನಿಂದ ಒರೆಸಿದವರು ಹಳದಿ ಕೆಂಪಾದದ್ದನ್ನು ಕಂಡು ಗಾಬರಿಯಾಗುತ್ತಾರೆ. ಅರಿಸಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆರತಿಗೆ ಓಕುಳಿ ಕಲಸಿದ ಯಾರಿಗೂ ಹೇಳಿಕೊಡಬೇಕಿಲ್ಲ. ಸೋಪು ಮಾಡುವುದೂ ಅದನ್ನೇ. ಅರಿಸಿನದ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗದು. ಆಲ್ಕೋಹಾಲಿನಲ್ಲಿ ಕರಗುತ್ತದೆ, ಆದರೆ ಕರಗಿ ಸುತ್ತಲೂ ಹರಡುತ್ತದೆ. ಬಿಸಿಲಿಗೆ ಮಾಸುವುದು ನಿಜ. ಆದರೆ ಮರದ ತಿರುಳಿನ ಅಗ್ಗದ ಕಾಗದ ಅದೇ ಬಿಸಿಲಿಗೆ ಕಂದಾದೀತು. ನನ್ನನ್ನು ಕೇಳಿದರೆ ಪೂಜೆಯ ಕಲೆಯನ್ನು ತೆಗೆಯಲೇಬಾರದು. ಆ ಪುಸ್ತಕ ಯಾವ ಮನೆಯಲ್ಲಿ ಹೇಗೆ ಬಾಳಿತೆಂಬುದಕ್ಕೆ ಅದೂ ಒಂದು ದಾಖಲೆ.

ಬಿಟ್ಟು ಸುಮ್ಮನಿರಬಾರದ್ದು ಬೂಷ್ಟು. ಗಾಳಿಯ ತೇವಾಂಶ ಶೇ. 65 ದಾಟಿದಲ್ಲಿ ಅದು ಬೆಳೆಯುತ್ತಲೇ ಇರುತ್ತದೆ, ಕರಾವಳಿಯ ಕಪಾಟುಗಳಲ್ಲಂತೂ ಕೇಳುವುದೇ ಬೇಡ. ಪುಸ್ತಕವನ್ನು ಬೇರೆಯಿಟ್ಟು, ನೆರಳಿನ ಗಾಳಿಗೆ ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮನೆಯ ಹೊರಗೆ ಮೆತ್ತನೆ ಕುಂಚದಿಂದ ಗುಡಿಸಿ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ. ಹರಿದ ಪುಟಕ್ಕೆ ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ; ಅದರ ಗೋಂದು ನಾರಿಗಿಳಿದು ಮಾಡುವ ಕಲೆ ತಜ್ಞರಿಗೂ ಸುಲಭಕ್ಕೆ ಬಗ್ಗದು. ಪುಸ್ತಕ ನಿಜಕ್ಕೂ ಅಪರೂಪದ್ದಾದರೆ ಕೈ ಹಚ್ಚುವ ಮುನ್ನ ಕಲೆಯ ಫೋಟೋ ತೆಗೆದುಕೊಂಡು ಸಂರಕ್ಷಕರನ್ನು ಕೇಳಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ.