ಆತಂಕಕ್ಕೆ ತಾರೀಖಿದೆ

ಅಕ್ಕನ ಮಗ ಹಬ್ಬಕ್ಕೆಂದು ಮನೆಗೆ ಬಂದಿದ್ದ. ಒಬ್ಬಟ್ಟು ತಿಂದು ಕೈ ತೊಳೆದವನೇ ಜಗಲಿಯ ಮೇಲೆ ಕೂತು, ಎಲ್ಲೋ ಸರ್ಕಾರ ಬಿದ್ದ ಸುದ್ದಿ ತಂದವನ ಗಾಂಭೀರ್ಯದಲ್ಲಿ ಹೇಳಿದ: "ಮಾವ, ಎಲ್ಡರ್ ಸ್ಕ್ರಾಲ್ಸ್ ಆರನೇದು ಹೇಗಿರ್ಬೇಕು ಅಂತ ಅವರು ನಮ್ಮನ್ನ ಒಂದು ಮಾತು ಕೇಳಿದ್ರೆ ಸಾಕು. ಸ್ಕೈರಿಮ್ ಥರಾನೇ ಇರ್ಬೇಕು. ಆದ್ರೆ ಪೂರ್ತಿ ಹೊಸದಾಗಿರ್ಬೇಕು." ಹೇಳಿ ಮುಗಿಸಿದ ಮೇಲೂ ತನ್ನ ಮಾತಿನಲ್ಲಿ ಅವನಿಗೆ ಯಾವ ತೊಡಕೂ ಕಾಣಲಿಲ್ಲ. ಬೇಂದ್ರೆ ಥರಾನೇ ಬರೆಯಬೇಕು, ಆದರೆ ಬೇಂದ್ರೆ ಛಾಯೆ ಇರಬಾರದು ಎಂದು ಹೊಸ ಕವಿಗೆ ಹೇಳಿದ ಹಾಗಾಯಿತು ಎಂದೆ. ಅವನು ನಗಲಿಲ್ಲ.

ಈಗ ಎಲ್ಲ ಕಡೆ ಚಲಾವಣೆಯಲ್ಲಿರುವ ಅಭಿಪ್ರಾಯ ಇದೇ. ಗೇಮ್ ಗೆದ್ದರೆ "ಅಭಿಮಾನಿಗಳ ಮಾತು ಕೇಳಿದರು", ಸೋತರೆ "ಅಭಿಮಾನಿಗಳನ್ನು ಕಡೆಗಣಿಸಿದರು". ಫಲಿತಾಂಶ ಬಂದ ಮೇಲೆ ಕಾರಣ ಬರೆಯುವ ಜ್ಯೋತಿಷ್ಯ ಯಾವತ್ತೂ ತಪ್ಪುವುದಿಲ್ಲ. ಅಭಿಮಾನಿಯ ಮಾತಿನಲ್ಲಿ ಎರಡು ಬೇರೆ ಬೇರೆ ಸರಕುಗಳಿವೆ, ಒಂದು ಆಸೆ, ಇನ್ನೊಂದು ಆತಂಕ. ಒಂದೇ ಬಾಯಿಂದ ಒಂದೇ ಉಸಿರಿನಲ್ಲಿ ಬರುವುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. ಆಟ ಕಟ್ಟುವವರು ಆತಂಕವನ್ನು ಅಕ್ಷರಕ್ಷರ ಬರೆದಿಟ್ಟುಕೊಳ್ಳಬೇಕು, ಆಸೆಯನ್ನು ಪ್ರೀತಿಯಿಂದ ಕೇಳಿಸಿಕೊಂಡು ಮರೆತುಬಿಡಬೇಕು ಎನ್ನುವುದು ನನ್ನ ವಾದ.

ಈ ಲೋಕದ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ಎಲ್ಡರ್ ಸ್ಕ್ರಾಲ್ಸ್ ಎನ್ನುವುದು ಅಮೆರಿಕದ ಬೆಥೆಸ್ಡಾ ಕಂಪನಿಯ ರೋಲ್-ಪ್ಲೇಯಿಂಗ್ ಗೇಮ್‌ಗಳ ಸರಣಿ. ಆಡುವವನು ಒಂದು ಪಾತ್ರ ಕಟ್ಟಿಕೊಂಡು ಕಲ್ಪಿತ ನಾಡೊಂದರಲ್ಲಿ ಇಷ್ಟ ಬಂದ ಕಡೆ ಅಲೆಯಬಹುದು, ಕಳ್ಳನಾಗಬಹುದು, ಮಂತ್ರವಾದಿಯಾಗಬಹುದು, ಮುಖ್ಯ ಕತೆಯನ್ನು ಮರೆತು ಚಿಟ್ಟೆ ಹಿಡಿಯುತ್ತಲೂ ಕಾಲ ಕಳೆಯಬಹುದು. 1994ರಲ್ಲಿ ಅರೀನಾ, 1996ರಲ್ಲಿ ಡ್ಯಾಗರ್‌ಫಾಲ್, 2002ರಲ್ಲಿ ಮಾರೋವಿಂಡ್, 2006ರಲ್ಲಿ ಒಬ್ಲಿವಿಯನ್ ಬಂದವು. 2011ರ ನವೆಂಬರ್ 11ರಂದು ಬಂದ ಸ್ಕೈರಿಮ್ 6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಎಂದು ಅದರ ನಿರ್ದೇಶಕ ಟಾಡ್ ಹೋವರ್ಡ್ 2023ರಲ್ಲಿ ಹೇಳಿದರು. ಮಾರೋವಿಂಡ್‌ನಿಂದ ಒಬ್ಲಿವಿಯನ್‌ಗೆ ನಾಲ್ಕು ವರ್ಷ, ಅಲ್ಲಿಂದ ಸ್ಕೈರಿಮ್‌ಗೆ ಐದು. ಆಮೇಲೆ 2018ರ ಜೂನ್‌ನಲ್ಲಿ ಬಂದದ್ದು ಆರನೆಯದರ ಅರ್ಧ ನಿಮಿಷ ಚಿಲ್ಲರೆಯ ಒಂದು ಟೀಸರ್. ಒಂದಿಷ್ಟು ಬೋಳು ಬೆಟ್ಟ, ಸಮುದ್ರದ ಅಂಚು, ಸಂಗೀತ, ಹೆಸರು. ಅಷ್ಟೇ. ಆ ಬೆಟ್ಟದ ಬಂಡೆಗಳ ಬಣ್ಣ ನೋಡಿ ಇದು ಆ ಕಲ್ಪಿತ ಲೋಕದ ಹ್ಯಾಮರ್‌ಫೆಲ್ ಸೀಮೆಯೇ ಎಂದು ಜನ ವರ್ಷಗಟ್ಟಲೆ ವಾದ ಮಾಡಿದ್ದಾರೆ. ನಮ್ಮಲ್ಲಿ ಶಾಸನದ ಕಲ್ಲುಗಳಿಗೆ ಇಷ್ಟು ಕಣ್ಣು ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಆಸೆ ಯಾಕೆ ನಂಬಲರ್ಹವಲ್ಲ? ಅದು ಆಟದ ನೆನಪೆಂದು ಹೇಳಿಕೊಂಡು ಬರುತ್ತದೆ, ನಿಜದಲ್ಲಿ ಅದು ತನ್ನದೇ ವಯಸ್ಸಿನ ನೆನಪು. 2011ರಲ್ಲಿ ನನ್ನ ಅಳಿಯ ಒಂಬತ್ತನೇ ಕ್ಲಾಸು, ಶಿವಮೊಗ್ಗದ ಮನೆ. ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು, ಯುಪಿಎಸ್ ಕೀಂ ಕೀಂ ಎಂದು ಕೂಗಿಕೊಳ್ಳುವಷ್ಟರಲ್ಲಿ ಆಟ ಸೇವ್ ಮಾಡಬೇಕಿತ್ತು. ಸ್ಕೈರಿಮ್‌ನ ಶುರುವಿನಲ್ಲಿ ಡ್ರ್ಯಾಗನ್ ಬಂದು ಹೆಲ್ಗೆನ್ ಊರನ್ನು ಸುಡುತ್ತದೆ. ಸುರಂಗದೊಳಗೆ ತೆವಳಿ ಹೊರಬಂದರೆ ಎದುರಿಗೆ ಇಡೀ ಕಣಿವೆ ತೆರೆದುಕೊಳ್ಳುತ್ತದೆ. ಆ ಕ್ಷಣವನ್ನು ಅವನು ಇವತ್ತಿಗೂ ಕಣ್ಣರಳಿಸಿ ಹೇಳುತ್ತಾನೆ. ಹದಿನಾಲ್ಕರ ಹುಡುಗನಿಗೆ ಆದದ್ದು ಇಪ್ಪತ್ತೆಂಟರ, ಮನೆ ಸಾಲದ ಕಂತು ಕಟ್ಟುವ ಗಂಡಸಿಗೂ ಆಗುವಂತೆ ಮಾಡಿ ಎಂದು ಅವನು ಕೇಳುತ್ತಿದ್ದಾನೆ. ಯಾವ ಕಂಪನಿ ಕೊಟ್ಟೀತು ಅದನ್ನು?

ಆಸೆಗಳು ಒಂದಕ್ಕೊಂದು ಹೊಡೆದಾಡುತ್ತವೆ ಎನ್ನುವುದು ಇನ್ನೊಂದು ತೊಂದರೆ. ಒಬ್ಬನಿಗೆ ಹಡಗು ನಡೆಸಬೇಕು, ಇನ್ನೊಬ್ಬನಿಗೆ ಊರು ಕಟ್ಟಬೇಕು, ಮತ್ತೊಬ್ಬನಿಗೆ ಇವೆರಡೂ ಬೇಡ, ಕತೆ ಗಟ್ಟಿಯಿದ್ದರೆ ಸಾಕು. ಕೇಳಿದ ತಕ್ಷಣ ನಡೆಸಿಕೊಡಬಹುದಾದ ಒಂದೇ ಒಂದು ಆಸೆ ಈ ಆಟದ ಸುತ್ತ ಹುಟ್ಟಿದ್ದನ್ನು ನಾನು ಕಂಡಿದ್ದೇನೆ. ಸ್ಕೈರಿಮ್ ಆಡುತ್ತ ಆಡುತ್ತ ವಿಡಿಯೊ ಮಾಡಿ ಲೋಕಕ್ಕೆಲ್ಲ ಅಜ್ಜಿಯಾದ ಶರ್ಲಿ ಕರಿ ಎಂಬ ಎಂಬತ್ತು ದಾಟಿದ ಹೆಂಗಸನ್ನು ಮುಂದಿನ ಆಟದಲ್ಲಿ ಒಂದು ಪಾತ್ರವಾಗಿ ಸೇರಿಸಿ ಎಂದು ಜನ ಕೇಳಿದರು. ಕಂಪನಿ ಒಪ್ಪಿತು. ಅಂಥ ಆಸೆಗೆ ಕೈ ಮುಗಿಯಬೇಕು. ಉಳಿದವು ಮದುವೆ ಮನೆಯಲ್ಲಿ ನೆಂಟರು ಅಡುಗೆಯವರಿಗೆ ಕೊಡುವ ಸಲಹೆಗಳು.

ಆತಂಕ ಹಾಗಲ್ಲ. ಆತಂಕಕ್ಕೆ ತಾರೀಖಿದೆ. "ಚಿಕ್ಕ ಚಿಕ್ಕದಕ್ಕೆಲ್ಲ ದುಡ್ಡು ಕೀಳ್ತಾರೆ" ಎನ್ನುವ ಭಯ 2006ರದು. ಒಬ್ಲಿವಿಯನ್‌ನಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಪ್ರತ್ಯೇಕವಾಗಿ ಮಾರಿದರು. ಜಗತ್ತೆಲ್ಲ ನಕ್ಕಿತು, ಕೊಂಡುಕೊಂಡಿತು ಕೂಡ. 2025ರಲ್ಲಿ ಒಬ್ಲಿವಿಯನ್‌ಗೆ ಹೊಸ ರೂಪ ಕೊಟ್ಟು ತಂದಾಗ ದುಬಾರಿ ಆವೃತ್ತಿಯ ಜೊತೆ ಮತ್ತೆ ಕುದುರೆ ಕವಚ! ಅಭಿಮಾನಿಗಳು ತಾವಾಗಿ ಮಾಡಿ ಪುಕ್ಕಟೆ ಹಂಚುತ್ತಿದ್ದ ಮಾಡ್‌ಗಳಿಗೆ, ಅಂದರೆ ಆಟದ ಮಾರ್ಪಾಡುಗಳಿಗೆ, ಬೆಲೆ ಕಟ್ಟಲು ಹೋದದ್ದು 2015ರ ಏಪ್ರಿಲ್. ವಾರ ತುಂಬುವ ಮೊದಲೇ ಹಿಂದೆಗೆದರು. "ಅರೆಬೆಂದದ್ದನ್ನು ಬಡಿಸ್ತಾರೆ" ಎನ್ನುವ ಭಯ 2018ರ ನವೆಂಬರಿನದು. ಅದೇ ಕಂಪನಿಯ ಫಾಲ್‌ಔಟ್ 76 ಬಂದಾಗ ಅದರ ಲೋಕದಲ್ಲಿ ಮಾತಾಡಿಸಲು ಆಟದ ಕಡೆಯ ಒಬ್ಬ ನರಮನುಷ್ಯನೂ ಇರಲಿಲ್ಲ, ಅವರನ್ನು ತಂದು ಸೇರಿಸಿದ್ದು 2020ರಲ್ಲಿ. 200 ಡಾಲರಿನ ಆವೃತ್ತಿ ಕೊಂಡವರಿಗೆ ಕ್ಯಾನ್ವಾಸ್ ಚೀಲವೆಂದು ಹೇಳಿ ನೈಲಾನ್ ಚೀಲ ಕಳಿಸಿ, ಗಲಾಟೆಯಾದ ಮೇಲೆ ಕ್ಯಾನ್ವಾಸ್ ಕೊಡಲು ಒಪ್ಪಿದರು. "ದೊಡ್ಡದು ಮಾಡಲು ಹೋಗಿ ಖಾಲಿ ಮಾಡ್ತಾರೆ" ಎನ್ನುವ ಭಯ 2023ರ ಸೆಪ್ಟೆಂಬರಿನದು. ಆಗ ಬಂದ ಅವರದೇ ಸ್ಟಾರ್‌ಫೀಲ್ಡ್‌ನಲ್ಲಿ ಸಾವಿರಕ್ಕೂ ಹೆಚ್ಚು ಗ್ರಹಗಳು, ಬಹುಪಾಲು ನೆಲವನ್ನು ಹಾಸಿದ್ದು ಕಂಪ್ಯೂಟರೇ. ಎಲ್ಲಿಗೋ ಹೊರಟವನು ದಾರಿಯಲ್ಲೊಂದು ಹೊಗೆ ಕಂಡು ಅತ್ತ ತಿರುಗುವ ಸುಖ ಆ ಗ್ರಹಗಳ ನಡುವೆ ಎಲ್ಲೋ ಬಿದ್ದುಹೋಯಿತು.

ಈ ಕೊನೆಯ ಭಯಕ್ಕೆ ಔಷಧ ಕಂಪನಿಯ ಮನೆಯಲ್ಲೇ ಇದೆ. 1996ರ ಡ್ಯಾಗರ್‌ಫಾಲ್ ಬ್ರಿಟನ್ನಿನಷ್ಟು ದೊಡ್ಡದೆಂದು ಹೆಮ್ಮೆಪಟ್ಟುಕೊಂಡ ಆಟ, ಸಾವಿರಾರು ಊರು, ಒಂದರ ಮುಖ ಇನ್ನೊಂದಕ್ಕೆ. ಅದಾದ ಮೇಲೆ ಇದೇ ಜನ ಕುಗ್ಗಿಸಿ, ಒಂದೇ ಒಂದು ದ್ವೀಪವನ್ನು ಕೈಯಾರೆ ಕಟ್ಟಿ ಮಾರೋವಿಂಡ್ ಮಾಡಿದರು.

ಮಾರೋವಿಂಡ್ ಎಂದ ಮೇಲೆ ನನ್ನನ್ನು ತಡೆಯುವವರಿಲ್ಲ. 2003ರಲ್ಲಿ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಗೆಳೆಯನ ಕಂಪ್ಯೂಟರ್ ಮುಂದೆ ರಾತ್ರಿಗಳನ್ನು ಕಳೆದವನು ನಾನು. ಹಡಗಿನಿಂದ ಸೇಡಾ ನೀನ್ ಎಂಬ ಜೌಗು ಊರಿನಲ್ಲಿ ಇಳಿಸುತ್ತಾರೆ. ಬಾಲ್ಮೋರಾ ಊರಿಗೆ ಹೋಗಿ ಒಬ್ಬನನ್ನು ಕಾಣು, ಅವನ ಮನೆ ಗೊತ್ತಾಗದಿದ್ದರೆ ಇಂಥ ಪಡಖಾನೆಯಲ್ಲಿ ವಿಚಾರಿಸು ಎನ್ನುತ್ತಾರೆ. ಅಷ್ಟೇ. ನಕಾಶೆಯ ಮೇಲೆ ಬಾಣವಿಲ್ಲ. ನಡೆಯಬಹುದು, ಇಲ್ಲವೇ ದಿಬ್ಬದ ಮೇಲೆ ನಿಂತಿರುವ ಸಿಲ್ಟ್ ಸ್ಟ್ರೈಡರ್ ಹತ್ತಬಹುದು. ಅದು ತೆಂಗಿನ ಮರದೆತ್ತರದ ಕಾಲುಗಳ ಮೇಲೆ ನಿಂತ ಒಂದು ಹುಳ, ಆ ಸೀಮೆಯ ಬಸ್ಸು. ಅದು ಎಲ್ಲ ಊರಿಗೂ ಹೋಗುವುದಿಲ್ಲ. ಇಲ್ಲಿಂದ ಅಲ್ಲಿಗೆ ಹುಳ, ಅಲ್ಲಿಂದ ದೋಣಿ, ಮುಂದೆ ಮಂತ್ರವಾದಿಗಳ ಸಂಘದವರು ಮಾಯದಿಂದ ಸಾಗಿಸಿದರೆ ಉಂಟು. ಯಾವ ಊರಿಗೆ ಎಲ್ಲಿ ಇಳಿದು ಎಲ್ಲಿ ಹತ್ತಬೇಕೆಂದು ತಿಂಗಳೊಳಗೆ ಬಾಯಿಪಾಠವಾಯಿತು, ತೀರ್ಥಹಳ್ಳಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆಂದು ಗೊತ್ತಿದ್ದ ಹಾಗೆ. ದಾರಿ ಹೇಳುವ ರೀತಿಯೂ ನಮ್ಮ ಹಳ್ಳಿಯದೇ. ಕೋಟೆ ದಾಟು, ಹಳೇ ಸೇತುವೆ ಸಿಗುತ್ತದೆ, ಆಚೆ ದಡದಲ್ಲಿ ಪಾಳು ಕಟ್ಟಡ. ಆ ಪಾಳು ಕಟ್ಟಡದ ಬಾಗಿಲು ತೆರೆಯಲು ಪಕ್ಕದ ಕೊಳವೆಯ ಮೇಲಿರುವ ತಿರುಗಣಿ ತಿರುಗಿಸಬೇಕೆಂದು ಗೊತ್ತಾಗದೆ ಒಂದಿಡೀ ಶನಿವಾರ ಅದರ ಮುಂದೆ ಸುತ್ತಿದೆ. ಕೆಲವರು ತಪ್ಪು ದಾರಿಯನ್ನೂ ಹೇಳುತ್ತಿದ್ದರು. ಅದರಿಂದಲೇ ಆ ನಾಡು ನನಗೆ ನಾಡೆನಿಸಿತು.

2006ರ ಒಬ್ಲಿವಿಯನ್‌ನಲ್ಲಿ ದಿಕ್ಸೂಚಿಯ ಮೇಲೆ ಬಾಣ ಬಂತು, ನಕಾಶೆಯಲ್ಲಿ ಊರಿನ ಮೇಲೆ ಒತ್ತಿದರೆ ಅಲ್ಲಿಗೇ ಹೋಗಿಬಿಡುವ ಸೌಕರ್ಯ ಬಂತು. ಜೊತೆಗೆ ಎಲ್ಲ ಪಾತ್ರಗಳಿಗೂ ದನಿ ಬಂತು. ಚಕ್ರವರ್ತಿಯ ಪಾತ್ರಕ್ಕೆ ನಟ ಪ್ಯಾಟ್ರಿಕ್ ಸ್ಟೂವರ್ಟ್ ದನಿ. ಮಾರೋವಿಂಡ್‌ನಲ್ಲಿ ಮಾತು ಬಹುಪಾಲು ಅಕ್ಷರದಲ್ಲಿತ್ತು. ಹತ್ತು ಸಾಲು ದಾರಿ ಬರೆಯಲು ಖರ್ಚಿಲ್ಲ. ಸ್ಟುಡಿಯೊದಲ್ಲಿ ನಟನನ್ನು ಕೂರಿಸಿ ದಾರಿ ಹೇಳಿಸುವುದಕ್ಕೆ ಖರ್ಚಿದೆ. ಬಾಣ ಪುಕ್ಕಟೆ.

"ಹಾಗಾದರೆ ನೀವೂ ಹಳೆಯದನ್ನೇ ಬಯಸುತ್ತಿದ್ದೀರಲ್ಲ" ಎಂದು ನೀವು ಕೇಳಬೇಕು. ಹೌದು, ಸಿಕ್ಕಿಬಿದ್ದೆ. ಆರನೆಯ ಆಟದಲ್ಲಿ ಬಾಣ ಬೇಡ, ಹುಳ ಬೇಕು ಎನ್ನುವ ನನ್ನ ಆಸೆ ಅಳಿಯನ ಆಸೆಯಷ್ಟೇ ಬೇಜವಾಬ್ದಾರಿಯದು. ಬಾಣ ಇರುವ ಆಟವನ್ನೇ ಕೋಟಿಗಟ್ಟಲೆ ಜನ ಒಪ್ಪಿಕೊಂಡರು. ಸಂಜೆ ಒಂದೇ ಗಂಟೆ ಬಿಡುವಿರುವವನನ್ನು ತಿರುಗಣಿಯ ಮುಂದೆ ಸುತ್ತಿಸಲು ನನಗೇನು ಹಕ್ಕು? ನನ್ನ ಆಸೆಯನ್ನೂ ಬದಿಗಿಡಿ. ಅದರ ಕೆಳಗಿರುವ ಆತಂಕವನ್ನು ಮಾತ್ರ ಇಟ್ಟುಕೊಳ್ಳಿ: ಆ ನಾಡಿನ ಜನಕ್ಕೆ ತಮ್ಮ ನಾಡೇ ಗೊತ್ತಿಲ್ಲದ ಹಾಗೆ ಆಗಿದೆ. ಅದಕ್ಕೆ ಹುಳವೇ ಮದ್ದಾಗಬೇಕಿಲ್ಲ, ಬೇರೆ ಹತ್ತು ಉಪಾಯಗಳಿರಬಹುದು. ಕಟ್ಟುವವರ ಕಸುಬು ಇರುವುದು ಅಲ್ಲಿ.

ನನ್ನ ವಾದಕ್ಕೆ ಗಟ್ಟಿಯಾದ ಎದುರುವಾದ ಬಾಲ್ಡರ್ಸ್ ಗೇಟ್ 3. ಬೆಲ್ಜಿಯಂನ ಲೇರಿಯನ್ ಕಂಪನಿ 2020ರ ಅಕ್ಟೋಬರ್‌ನಲ್ಲಿ ಆಟದ ಮೊದಲ ಅಂಕವನ್ನಷ್ಟೇ ಮಾರಾಟಕ್ಕಿಟ್ಟು, ಸುಮಾರು ಮೂರು ವರ್ಷ ಆಡುವವರ ಮಾತು ಕೇಳುತ್ತ ತಿದ್ದಿ, 2023ರ ಆಗಸ್ಟ್‌ನಲ್ಲಿ ಪೂರ್ತಿ ತಂದಿತು. ಎರಡನೆಯ ಭಾಗ ಬಂದದ್ದು 2000ದಲ್ಲಿ. ಇಪ್ಪತ್ಮೂರು ವರ್ಷ ಕಾದ ಅಭಿಮಾನಿಗಳಿಗೂ ಹೊಸಬರಿಗೂ ಅದು ಹಿಡಿಸಿತು. ಕೇಳಿ ಕಟ್ಟಿದ ಆಟ ಗೆದ್ದಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಆ ಜನ ಮಾತಾಡಿದ್ದು ಕೈಯಲ್ಲಿ ಹಿಡಿದು ಆಡಿದ ಆಟದ ಬಗ್ಗೆ. ಇಲ್ಲಿ ಬೇಸರ ಬಂತು, ಇಲ್ಲಿ ದಾಳ ಯಾವಾಗಲೂ ಕೈಕೊಡುತ್ತದೆ ಎಂದರು. ಅರ್ಧ ನಿಮಿಷದ ಬಂಡೆ ನೋಡಿ ಹೆಣೆದ ಕನಸಿಗೂ ಇದಕ್ಕೂ ಹೋಲಿಕೆಯಿಲ್ಲ. ಮಾಡ್ ಮಾಡುವವರ ಮಾತಿಗೂ ನಾನು ತಲೆಬಾಗುತ್ತೇನೆ. ಮಾರೋವಿಂಡ್‌ನ ದ್ವೀಪದಾಚೆಯ ನೆಲವನ್ನು ಎರಡು ದಶಕಕ್ಕೂ ಮಿಕ್ಕಿ ಕಟ್ಟುತ್ತಿರುವ ಟ್ಯಾಮ್ರಿಯಲ್ ರೀಬಿಲ್ಟ್‌ನವರು, ಕಂಪನಿ ಬಿಟ್ಟುಹೋದ ಸ್ಕೈರಿಮ್‌ನ ಬಗ್‌ಗಳನ್ನು ಪುಕ್ಕಟೆ ಸರಿಪಡಿಸಿದವರು, ಇವರು ಕೈಕೆಸರು ಮಾಡಿಕೊಂಡ ಜನ. ಅವರ ಪ್ರತಿ ತಿದ್ದುಪಡಿಯೂ ಒಂದು ದೂರು. ಉತ್ತರವನ್ನೂ ಜೊತೆಗೇ ಹೊತ್ತು ತಂದ ದೂರು.

"ಕಲಾವಿದರನ್ನು ಅವರ ಪಾಡಿಗೆ ಬಿಡಿ, ಅಭಿಮಾನಿಗಳು ಸುಮ್ಮನಿರಲಿ" ಎನ್ನುವ ಇನ್ನೊಂದು ಪಂಗಡವಿದೆ. ಕವಿಯ ವಿಷಯದಲ್ಲಾದರೆ ಒಪ್ಪುತ್ತಿದ್ದೆ. ಬೆಥೆಸ್ಡಾದ ಮಾತೃಸಂಸ್ಥೆಯನ್ನು ಮೈಕ್ರೋಸಾಫ್ಟ್ 750 ಕೋಟಿ ಡಾಲರ್ ಕೊಟ್ಟು ಕೊಂಡಿದೆ, 2021ರಲ್ಲಿ ಆ ವ್ಯವಹಾರ ಮುಗಿಯಿತು. ಇಲ್ಲಿ ಒಂಟಿ ಕಲಾವಿದ ಯಾರು? ಬಂಡೆ ತೋರಿಸಿ ಏಳು ವರ್ಷಕ್ಕೂ ಮೀರಿ ಬಾಯಲ್ಲಿ ನೀರೂರಿಸಿದವರು ತಾವೇ ಹುಟ್ಟಿಸಿದ ನಿರೀಕ್ಷೆಯ ಭಾರ ಹೆಚ್ಚಾಯಿತೆಂದು ಗೊಣಗುವ ಹಾಗಿಲ್ಲ. ಹಾಗೆಂದು ಎಲ್ಲ ಗದ್ದಲವೂ ದೂರಲ್ಲ. ವಿಚರ್ ಎಂಬ ಇನ್ನೊಂದು ಸರಣಿಯ ಮುಂದಿನ ಆಟಕ್ಕೆ ಸಿರಿ ಎಂಬವಳು ನಾಯಕಿ ಎಂದು 2024ರ ಡಿಸೆಂಬರ್‌ನಲ್ಲಿ ಗೊತ್ತಾದಾಗ ಹೆಣ್ಣು ಯಾಕೆ ಎಂದು ಕೂಗಿದವರದು ಆಸೆಯೂ ಅಲ್ಲ ಆತಂಕವೂ ಅಲ್ಲ, ಬರೀ ಕೂಗು.

ದೂರು ಎಷ್ಟು ಸೂಕ್ಷ್ಮವಾಗಿರಬಲ್ಲದು ಎನ್ನುವುದಕ್ಕೆ 2012ರ ಒಂದು ಪ್ರಸಂಗವಿದೆ. ಕೆನಡಾದ ಬಯೋವೇರ್‌ನವರ ಮಾಸ್ ಎಫೆಕ್ಟ್ 3ರ ಕೊನೆ ಜನಕ್ಕೆ ಸೇರಲಿಲ್ಲ. ಮೂರು ಆಟಗಳ ಉದ್ದಕ್ಕೂ ಮಾಡಿದ ನೂರಾರು ಆಯ್ಕೆಗಳ ಬೆಲೆ ಕೊನೆಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಬೆಳಕಿಗೆ ಇಳಿದಿತ್ತು. ಅಭಿಮಾನಿಗಳು ಚಂದಾ ಎತ್ತಿ ನಾನೂರರಷ್ಟು ಕಪ್‌ಕೇಕ್ ಮಾಡಿಸಿ ಕಂಪನಿಗೆ ಕಳಿಸಿದರು. ಕೆಂಪು, ಹಸಿರು, ನೀಲಿ. ತಿಂದರೆ ಮೂರೂ ಒಂದೇ ವೆನಿಲಾ ರುಚಿ. ಆ ಆಟದ ಬಗ್ಗೆ ಇದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನು ಓದಿಲ್ಲ. ಕೊನೆ ಹೇಗಿರಬೇಕಿತ್ತೆಂದು ಅದೇ ಜನರನ್ನು ಕೇಳಿದ್ದರೆ ನಾನೂರು ಉತ್ತರ ಬರುತ್ತಿತ್ತು.

ಅಳಿಯನಿಗೆ ಆವತ್ತು ಇಷ್ಟೆಲ್ಲ ಹೇಳಲಿಲ್ಲ. ಒಂದು ಪಂಥ ಒಡ್ಡಿದೆ: ನಿನ್ನ ಸ್ಕೈರಿಮ್‌ನಲ್ಲೇ ದಾರಿ ತೋರಿಸುವ ಬಾಣ ತೆಗೆದುಹಾಕಿ, ಜನರನ್ನು ಕೇಳಿಕೊಂಡು ಒಂದು ಕೆಲಸ ಮುಗಿಸು ನೋಡೋಣ. ಎರಡು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ ಫೋನು ಬಂತು. ಹಿನ್ನೆಲೆಯಲ್ಲಿ ಅದೇ ಸಂಗೀತ, ಹಿಮದ ಗಾಳಿ.

"ಮಾವ, ಹದಿನಾಲ್ಕು ವರ್ಷದಿಂದ ಈ ಊರಲ್ಲಿದೀನಿ. ಎಲ್ಲಿದೆ ಅಂದ್ರೆ ಇಲ್ಲಿ ಒಬ್ರೂ ಸರಿಯಾಗಿ ದಾರಿ ಹೇಳಲ್ಲ ಅಂತ ಇವತ್ತು ಗೊತ್ತಾಯ್ತು."

"ಇದನ್ನ ಬರ್ಕೋ" ಎಂದೆ.