ಆಟಿಸಂ ಇರುವ ಮಗುವಿನ ಶಾಲಾ ವಾಹನದಲ್ಲಿ ತಿಳಿದವರೊಬ್ಬರು ಇರಲಿ

ಪೋಷಕರೇ, ಶಾಲಾ ಆಡಳಿತ ಮಂಡಳಿಯವರೇ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ,

ಆಟಿಸಂ ಇರುವ ಮಗುವಿಗೆ ಸೀಟು ಸಿಕ್ಕಿದ ಮಾತ್ರಕ್ಕೆ ಶಾಲೆ ಸಿಕ್ಕಂತಲ್ಲ. ಬೆಳಿಗ್ಗೆ ಹೋಗಿ ಸಂಜೆ ಕ್ಷೇಮವಾಗಿ ಮನೆ ಸೇರುವ ದಾರಿಯೂ ಸಿಗಬೇಕು. ಆ ಮಾತು ಬಂದಾಗ ಎಷ್ಟೋ ಶಾಲೆಗಳು ‘ನೀವೇ ಬಿಟ್ಟು, ನೀವೇ ಕರಕೊಂಡು ಹೋಗಿ’ ಎಂದು ಕೈತೊಳೆದುಕೊಳ್ಳುತ್ತವೆ. ನಾವು ಕೇಳುತ್ತಿರುವುದು ಒಂದೇ: ಇಂಥ ಮಗು ಹತ್ತುವ ಪ್ರತಿ ವಾಹನದಲ್ಲೂ ಆ ಮಗುವಿನ ಸ್ವಭಾವ ಬಲ್ಲ, ತರಬೇತಿ ಪಡೆದ, ವಾರಕ್ಕೊಮ್ಮೆ ಬದಲಾಗದ ಒಬ್ಬ ಆಯಾ ಅಥವಾ ಸಹಾಯಕ ಇರಬೇಕು. ಜಿಪಿಎಸ್, ಸಿಸಿಟಿವಿ ಎಲ್ಲ ಬರಲಿ, ಬೇಡವೆನ್ನುವುದಿಲ್ಲ. ಆದರೆ ಕ್ಯಾಮೆರಾ ನಡೆದದ್ದನ್ನು ಆಮೇಲೆ ತೋರಿಸುತ್ತದೆಯೇ ಹೊರತು ಬಾಗಿಲ ಬಳಿ ಮಗುವಿನ ಕೈ ಹಿಡಿಯುವುದಿಲ್ಲ.

ಇದು ಯಾರ ದಯೆಗೂ ಬಿಟ್ಟ ವಿಷಯವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಈ ಮಕ್ಕಳಿಗೆ, ಹೆಚ್ಚಿನ ಆಸರೆ ಬೇಕಾದವರಾದರೆ ಅವರ ಜೊತೆಗಾರರಿಗೂ, ಸಾರಿಗೆ ಸೌಲಭ್ಯ ಸಿಗಬೇಕೆಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಶಾಲಾ ಬಸ್ಸಿನಲ್ಲಿ ಚಾಲಕನಲ್ಲದೆ ಇನ್ನೊಬ್ಬ ಅರ್ಹ ವ್ಯಕ್ತಿ ಇರಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿತ್ತು. ಶಾಲಾ ಮಕ್ಕಳ ವಾಹನಗಳಿಗೆಂದೇ ಕರ್ನಾಟಕ 2012ರಲ್ಲಿ ಪ್ರತ್ಯೇಕ ನಿಯಮ ಮಾಡಿತು. ಅಂದರೆ ಬಸ್ಸಿನಲ್ಲಿ ಇನ್ನೊಬ್ಬರು ಇರಬೇಕೆಂಬುದು ಹೊಸ ಮಾತೇನಲ್ಲ. ಆ ಇನ್ನೊಬ್ಬರಿಗೆ ಆಟಿಸಂ ಎಂದರೇನೆಂದು ಗೊತ್ತಿದೆಯೇ ಎಂದು ಯಾರೂ ಕೇಳುತ್ತಿಲ್ಲ, ಕೊರತೆ ಇರುವುದು ಅಲ್ಲಿ.

ತಿಳಿದವರೇ ಏಕೆ ಬೇಕು? ಬಸ್ಸಿನೊಳಗೆ ಕಣ್ಣು ಹಾಯಿಸಿ. ರಸ್ತೆ ಅಗೆದಿದ್ದಾರೆಂದು ಚಾಲಕ ಪಕ್ಕದ ಗಲ್ಲಿಗೆ ತಿರುಗಿಸುತ್ತಾನೆ. ಉಳಿದ ಮಕ್ಕಳಿಗೆ ಅದು ಗಮನಕ್ಕೂ ಬರುವುದಿಲ್ಲ. ದಿನಾ ಅದೇ ಬೇಕರಿ, ಅದೇ ದೇವಸ್ಥಾನದ ಗೋಪುರ, ಅದೇ ಪೆಟ್ರೋಲ್ ಬಂಕ್ ನೋಡಿಕೊಂಡು ದಾರಿಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡ ಮಗುವಿಗೆ ಮಾತ್ರ ಹಿಡಿದ ನೆಲೆಯೇ ತಪ್ಪಿದಂತಾಗುತ್ತದೆ. ಅಷ್ಟರಲ್ಲಿ ಹಿಂದಿನ ಲಾರಿಯ ಹಾರ್ನ್. ಮಗು ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತದೆ, ಬೆಲ್ಟ್ ಬಿಚ್ಚಿಕೊಂಡು ಏಳುತ್ತದೆ. ಏನಾಯಿತೆಂದು ಹೇಳಲು ಅದಕ್ಕೆ ಮಾತು ಬಾರದಿರಬಹುದು. ತಿಳಿಯದವರು ಇದನ್ನು ಹಟವೆಂದು ಗದರುತ್ತಾರೆ, ತೋಳು ಹಿಡಿದು ಎಳೆದು ಕೂರಿಸುತ್ತಾರೆ. ಗದರಿಕೆಯೂ ಒಂದು ದೊಡ್ಡ ಸದ್ದು, ಎಳೆತವೂ ಒಂದು ಹೊಸ ಹೆದರಿಕೆ, ಹಾಗಾಗಿ ಕೂಗಾಟ ಹೆಚ್ಚುತ್ತದೆ. ತಿಳಿದವರು ದಾರಿ ಬದಲಾಗುವ ಮೊದಲೇ ಚಿತ್ರದ ಕಾರ್ಡ್ ತೋರಿಸಿ ಹೇಳಿರುತ್ತಾರೆ, ಕಿವಿಗೆ ಸದ್ದು ತಗ್ಗಿಸುವ ಹೆಡ್‌ಫೋನ್ ಹಾಕಿರುತ್ತಾರೆ, ಎರಡೇ ಮಾತಿನಲ್ಲಿ ಮೆಲ್ಲಗೆ ಸಮಾಧಾನ ಮಾಡುತ್ತಾರೆ.

ಇನ್ನೂ ದೊಡ್ಡ ಅಪಾಯವೆಂದರೆ ಮಗು ಕಣ್ತಪ್ಪಿಸಿ ಹೋಗಿಬಿಡುವುದು. ಅಮೆರಿಕದ ಆಟಿಸಂ ಮಕ್ಕಳ ಕುಟುಂಬಗಳನ್ನು ಕೇಳಿ ನಡೆಸಿದ ಅಧ್ಯಯನವೊಂದು 2012ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಂತೆ ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೀಗೆ ಹೊರಟುಹೋಗಲು ಯತ್ನಿಸಿದ ಮಕ್ಕಳು ಶೇ. 49. ಕಾಣೆಯಾಗಿದ್ದ ಮಕ್ಕಳಲ್ಲಿ ಶೇ. 65ರಷ್ಟು ಮಂದಿ ವಾಹನಕ್ಕೆ ಸಿಲುಕುವ ಅಪಾಯದಲ್ಲಿದ್ದರು. ಅದು ಅಲ್ಲಿನ ಲೆಕ್ಕ, ನಿಜ. ಆದರೆ ಫುಟ್‌ಪಾತ್ ಇಲ್ಲದ, ಎಡಗಡೆಯಿಂದಲೂ ಬೈಕ್ ನುಗ್ಗುವ ನಮ್ಮ ಬೀದಿಗಳಲ್ಲಿ ಅಪಾಯ ಅದಕ್ಕಿಂತ ಕಡಿಮೆ ಎನ್ನಲು ಕಾರಣವೇ ಇಲ್ಲ. ಆದ್ದರಿಂದಲೇ ಬಸ್ಸಿನಿಂದ ಇಳಿದು ಶಾಲೆಯ ಗೇಟು ಸೇರುವ, ಗೇಟಿನಿಂದ ಬಸ್ಸು ಹತ್ತುವ ಆ ಎರಡು ನಿಮಿಷಗಳನ್ನು ಯಾರ ಹೊಣೆಗೂ ಸೇರದಂತೆ ಬಿಡಕೂಡದು. ಮಗುವನ್ನು ಕೈಯಿಂದ ಕೈಗೆ ಒಪ್ಪಿಸಬೇಕು, ಒಪ್ಪಿಸಿಕೊಂಡವರು ಸಹಿ ಹಾಕಬೇಕು. ಮನೆಯ ಹತ್ತಿರ ಕರೆದುಕೊಳ್ಳಲು ಗೊತ್ತಾದವರು ಬಂದಿಲ್ಲವೆಂದರೆ ಮಗು ವಾಹನದಲ್ಲೇ ಇರಬೇಕು.

ಮಗು ಏಳುತ್ತದೆಂದು ದುಪ್ಪಟ್ಟಾದಿಂದ ಸೀಟಿಗೆ ಕಟ್ಟುವುದನ್ನು ಯಾರೂ ಒಪ್ಪಬಾರದು. ಬಸ್ಸು ಉರುಳಿದರೆ, ಹೊಗೆ ತುಂಬಿದರೆ ಆ ಗಂಟು ಬಿಚ್ಚುವವರು ಯಾರು? ವಯಸ್ಸಿಗೆ ತಕ್ಕ ಬೆಲ್ಟ್ ಇರಲಿ, ಪಕ್ಕದಲ್ಲಿ ಆಯಾ ಕೂತಿರಲಿ, ಸೀಟು ಪ್ರತಿದಿನ ಅದೇ ಇರಲಿ.

ಖರ್ಚು ಯಾರು ಕೊಡಬೇಕು ಎಂಬುದು ಮೊದಲ ಆಕ್ಷೇಪ. ಚಿಕ್ಕ ಶಾಲೆಗೆ ಇನ್ನೊಂದು ಸಂಬಳ ಭಾರವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಯಾ ಈಗಾಗಲೇ ಇರುವ ವಾಹನಕ್ಕೆ ಬೇಕಾಗಿರುವುದು ಹೊಸ ಸಂಬಳವಲ್ಲ, ಕೆಲವು ದಿನಗಳ ತರಬೇತಿ. ಸರ್ಕಾರಿ ಶಾಲೆಗಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆಗಳಿಗೆ ಅವಕಾಶವಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇರುವ ರಾಜ್ಯದಲ್ಲಿ ಕಲಿಸುವವರಿಗೆ ಬರವಿಲ್ಲ. ತಾಯಿಯೇ ಬರಲಿ ಎನ್ನುವವರು ಆ ತಾಯಿ ದಿನಾ ನಾಲ್ಕು ಸಲ ಅದೇ ದಾರಿ ಸವೆಸಿದರೆ ದುಡಿಮೆ ಯಾವಾಗ ಮಾಡಬೇಕೆಂದೂ ಹೇಳಬೇಕು. ಹಾಗೆ ಕೆಲಸ ಬಿಟ್ಟದ್ದರ ಖರ್ಚು ಯಾವ ಶಾಲೆಯ ಲೆಕ್ಕಪುಸ್ತಕದಲ್ಲೂ ಕಾಣದು, ಆ ಮನೆ ಮಾತ್ರ ಅದನ್ನು ತೆರುತ್ತಿರುತ್ತದೆ.

ಇನ್ನೊಂದು ಅಳುಕು ಪೋಷಕರದೇ, ಅದಕ್ಕೆ ಕಾರಣವೂ ಇದೆ. ಬಸ್ಸಿನವರಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಮಗುವಿಗೆ ಹೆಸರಿಡುತ್ತಾರೆ, ಶಾಲೆಯಿಂದಲೇ ಬಿಡಿಸಬಹುದು ಎಂದು ಮುಚ್ಚಿಡುತ್ತಾರೆ. ಆದರೆ ಆಯಾಗೆ ವೈದ್ಯರ ವರದಿ ಬೇಕಾಗಿಲ್ಲ. ಮಗು ಯಾವುದಕ್ಕೆ ಹೆದರುತ್ತದೆ, ಯಾವುದರಿಂದ ಶಾಂತವಾಗುತ್ತದೆ, ಬೇಕುಬೇಡಗಳನ್ನು ಹೇಗೆ ತಿಳಿಸುತ್ತದೆ, ಫಿಟ್ಸ್ ಬರುತ್ತದೆಯೇ, ಯಾರಿಗೆ ಫೋನ್ ಮಾಡಬೇಕು ಎಂದು ಬರೆದ ಒಂದು ಚೀಟಿ ಸಾಕು. ಆಟಿಸಂ ಎಂಬ ಪದ ಅದರಲ್ಲಿ ಇರಲೇಬೇಕೆಂದಿಲ್ಲ. ಶಾಲೆಯಿಂದ ಬಿಡಿಸುತ್ತಾರೆಂಬ ಅಳುಕಿದ್ದರೆ, ಪ್ರವೇಶದಲ್ಲಿ ತಾರತಮ್ಯ ಸಲ್ಲದೆಂದು ಅದೇ 16ನೇ ಸೆಕ್ಷನ್ ಹೇಳುತ್ತದೆಂಬುದು ನಿಮಗೆ ನೆನಪಿರಲಿ. ಈ ಮಕ್ಕಳಿಗೆ ಬೇರೆ ವಾಹನವೇ ಇರಲಿ ಎಂಬ ಸಲಹೆಯನ್ನು ನಾವು ಒಪ್ಪುವುದಿಲ್ಲ. ಗದ್ದಲ ಸ್ವಲ್ಪವೂ ತಾಳದ ಕೆಲವು ಮಕ್ಕಳಿಗೆ ಅದು ಬೇಕಾಗಬಹುದು, ಆದರೆ ಎಲ್ಲರನ್ನೂ ಬೇರೆ ಮಾಡಿ ಸಾಗಿಸಿದರೆ ಜೊತೆಯಲ್ಲಿ ಓದಿಸುವ ಮಾತಿಗೆ ಅರ್ಥವಿರುವುದಿಲ್ಲ.

ಮುಂದಿನ ಪೋಷಕರ ಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಎತ್ತಿ. ನಮ್ಮ ಶಾಲೆಯ ವಾಹನದ ಆಯಾಗೆ ತರಬೇತಿ ಯಾವಾಗ, ಮಗುವನ್ನು ಒಪ್ಪಿಸುವಾಗ ಸಹಿ ಹಾಕುವ ಪುಸ್ತಕ ಯಾವಾಗಿನಿಂದ ಎಂದು ದಿನಾಂಕ ಕೇಳಿ ನಡಾವಳಿಯಲ್ಲಿ ಬರೆಸಿ. ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ, ಅಲ್ಲೂ ಆಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಮಗುವಿಗೆ ಆಟಿಸಂ ಇಲ್ಲದಿದ್ದರೂ ಆ ದೂರಿಗೆ ಸಹಿ ಹಾಕಿ, ಆ ಆಯಾ ಕಾಯುವುದು ಬಸ್ಸಿನಲ್ಲಿರುವ ನಿಮ್ಮ ಮಗುವನ್ನೂ.